ಒಂಬತ್ತನೇ ಕೈಗವಸು, ಐದನೇ ಚೀಟಿ

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಶೌಚಾಲಯಕ್ಕೆ ಹೋಗಬೇಕಾದವರು ದಿನಕ್ಕೆ ಇಪ್ಪತ್ತು ಸಲ ತಪ್ಪಿ ನುಗ್ಗುವ ಒಂದು ಬಾಗಿಲಿದೆ. 'ಕಳೆದು ಸಿಕ್ಕ ವಸ್ತುಗಳ ವಿಭಾಗ' ಎಂದು ಅದರ ಮೇಲೆ ಬರೆದಿದ್ದಾರೆ. ಒಳಗೆ ಹದಿನೇಳು ವರ್ಷದಿಂದ ಕೂತಿರುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೇನೋ ಇತ್ತು. ಜನ ಇಟ್ಟ ಹೆಸರು ಚೀಟಪ್ಪ. ಬಸ್ಸಿನಲ್ಲಿ ಸಿಕ್ಕ ಕೊಡೆ, ಚೀಲ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಏನೇ ಬರಲಿ, ಅದಕ್ಕೊಂದು ದಪ್ಪ ಕಾಗದದ ಚೀಟಿ ಬರೆದು ದಾರದಲ್ಲಿ ಕಟ್ಟುವುದು ಅವನ ಕೆಲಸ. ಚೀಟಿಯಲ್ಲಿ ನಾಲ್ಕು ಸಾಲು: ವಸ್ತು, ಸಿಕ್ಕ ಜಾಗ, ದಿನ, ವಾರಸುದಾರರು. ಈ ನಾಲ್ಕು ಸಾಲಿಗೆ ಸಿಗದ ಸಂಗತಿ ಜಗತ್ತಿನಲ್ಲಿ ಯಾವುದೂ ಇಲ್ಲ ಎಂದು ಚೀಟಪ್ಪನ ನಂಬಿಕೆ. ಮನೆಯ ಉಪ್ಪಿನ ಡಬ್ಬಿಗೂ ಅವನು ಚೀಟಿ ಕಟ್ಟಿದ್ದ. ಅದರಲ್ಲಿ 'ಸಿಕ್ಕ ಜಾಗ: ಅಡುಗೆಮನೆ' ಎಂದು ಬರೆದದ್ದನ್ನು ಹೆಂಡತಿ ಮದುವೆಯಾದ ಹೊಸತಿನಲ್ಲಿ ಓದಿ ನಕ್ಕಿದ್ದಳು, ಆಮೇಲೆ ಓದುವುದನ್ನೇ ಬಿಟ್ಟಳು.

ಆ ವಾರ ಚೀಟಪ್ಪ ಮಾಡಬೇಕಾಗಿದ್ದ ಕೆಲಸ ಒಂದೇ, ಭಾನುವಾರದ ತನಕ ಸುಮ್ಮನಿರುವುದು. ಮನೆಯ ಕರಾರು ಮುಗಿಯುತ್ತಾ ಬಂದಿತ್ತು. ನೆಲಮಹಡಿಯಲ್ಲಿದ್ದ ಓನರಮ್ಮ, "ಇನ್ನು ಮೂರು ವರ್ಷಕ್ಕೆ ಬರೆದುಕೊಡೋದೋ ಬೇಡವೋ ಯೋಚನೆ ಮಾಡ್ತೀನಿ. ಭಾನುವಾರ ನಾನೇ ಮೇಲೆ ಬಂದು ಹೇಳ್ತೀನಿ" ಎಂದಿದ್ದರು. ಮಂಡಿನೋವಿನಿಂದ ಎರಡು ವರ್ಷವಾಗಿ ಮೆಟ್ಟಿಲು ಹತ್ತದ ಹೆಂಗಸು ತಾನೇ ಹತ್ತಿ ಬರುತ್ತೇನೆಂದರೆ ಅದು ಸಣ್ಣ ಮಾತಲ್ಲ. ಹೆಂಡತಿಗೋ ಆ ಮನೆಯೆಂದರೆ ಪ್ರಾಣ. ಅಡುಗೆಮನೆಯ ಕಿಟಕಿಯಿಂದ ಬೆಳಗಿನ ಬಿಸಿಲು ಒಲೆಯ ತನಕ ಬರುತ್ತಿತ್ತು. ಹಿಂದಿನ ಮೂರು ಮನೆಗಳಲ್ಲಿ ಹಗಲುಹೊತ್ತಿನಲ್ಲೇ ದೀಪ ಹಾಕಿಕೊಂಡು ತರಕಾರಿ ಹೆಚ್ಚಿದವಳು ಅವಳು.

"ಭಾನುವಾರದವರೆಗೆ ಯಾರ ಹತ್ರಾನೂ ಏನೂ ಮಾತಾಡಬೇಡಿ. ಯಾವುದಕ್ಕೂ ಚೀಟಿ ಅಂಟಿಸಬೇಡಿ," ಎಂದು ಗಂಡನಿಗೆ ಹೇಳಿದ್ದಳು.

ಸುಮ್ಮನಿರುವುದಕ್ಕೆ ಸಿನಿಮಾ ಒಳ್ಳೆಯ ಜಾಗವೆಂದು ಇಬ್ಬರೂ ಮಧ್ಯಾಹ್ನದ ಆಟಕ್ಕೆ ಹೋದರು. ಚಿತ್ರದ ಹೆಸರು 'ಒಂಬತ್ತನೇ ಕೈಗವಸು'. ಅದರಲ್ಲಿ ಒಬ್ಬಳು ಹೆಂಗಸಿಗೆ ಸತ್ತವರ ಸಾಮಾನು ಮುಟ್ಟಿದರೆ ಸಾಕು, ಕಣ್ಣು ಮೇಲೆ ಹೋಗಿ ಎಲ್ಲ ಕಾಣುತ್ತದೆ. ಒಂದು ವಠಾರದಲ್ಲಿ ಸಾಲಾಗಿ ಕೊಲೆಗಳು. ಪ್ರತಿ ಕೊಲೆಯ ಜಾಗದಲ್ಲೂ ಒಂದು ಕೈಗವಸು. ಇಷ್ಟರವರೆಗೆ ಚೀಟಪ್ಪನಿಗೆ ತೊಂದರೆಯಿರಲಿಲ್ಲ. ಆದರೆ ಮೊದಲ ಕೊಲೆಯಲ್ಲಿ ಮೆಟ್ಟಿಲಿಂದ ಉರುಳಿ ಸತ್ತ ಮುದುಕ ಅರ್ಧ ಗಂಟೆಯ ಮೇಲೆ ಕಾಫಿ ಕುಡಿಯುತ್ತಿದ್ದ. ಎರಡನೆಯ ಕೊಲೆಯಾದವಳು ಮೊದಲ ಕೊಲೆಯ ಸುದ್ದಿ ಕೇಳುವ ಮುಂಚೆಯೇ ಅದಕ್ಕೆ ಅತ್ತಳು. ಎಲ್ಲರೂ ಕಪ್ಪು ಕೋಟು ಹಾಕಿದ್ದರು, ಎಲ್ಲರ ಹೆಸರೂ ಒಂದೇ ಥರ ಕೇಳುತ್ತಿತ್ತು. ಕೊನೆಯ ದೃಶ್ಯದಲ್ಲಂತೂ ಸತ್ತ ಮುದುಕನೇ ಬಾಗಿಲು ತೆಗೆದು "ಒಳಗೆ ಬನ್ನಿ" ಎಂದ, ಅಲ್ಲಿಗೆ ದೀಪ ಹಾಕಿಬಿಟ್ಟರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾ ಹೊರಗೆ ಬಂದರು. ಚೀಟಪ್ಪನ ಮನಸ್ಸಿನಲ್ಲಿ ಉಳಿದದ್ದು ಆ ಜೋಡಿಯಿಲ್ಲದ ಕೈಗವಸು ಮಾತ್ರ. ಪೊಲೀಸರು ಅದನ್ನು ತೆಗೆದುಕೊಂಡು ಹೋಗುವಾಗ ಯಾರೂ ರಸೀತಿ ಕೊಡಲಿಲ್ಲವೆಂಬುದು ಅವನನ್ನು ದಾರಿಯುದ್ದಕ್ಕೂ ಕಾಡಿತು.

ಇದನ್ನು ಇಲ್ಲಿಗೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಮರುದಿನ ಷಡ್ಡಕ ಫೋನು ಮಾಡಿದ. ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕ ಯಾವುದೋ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದ. ಜೋಡಿಸಿದ್ದನ್ನೆಲ್ಲ ಓದಿದ್ದೇನೆ ಎಂಬ ಠೀವಿಯಲ್ಲಿ ಮಾತಾಡುತ್ತಿದ್ದ.

"ಆ ಪಿಚ್ಚರ್ ನೋಡಿದ್ರಂತೆ. ಅದು ಎಲ್ಲರ ತಲೆಗೂ ಹೋಗುವಂಥದ್ದಲ್ಲ ಅಣ್ಣ. ಬೇಜಾರು ಮಾಡ್ಕೋಬೇಡಿ," ಎಂದ.

"ಯಾಕಪ್ಪ ಬೇಜಾರು? ನಮಗೆ ಇಂಟರ್‌ವಲ್ಲಿಗೇ ಅರ್ಥ ಆಯ್ತು," ಎಂದುಬಿಟ್ಟ ಚೀಟಪ್ಪ. ಬಾಯಿ ಎಂಬುದು ಅವನ ಸ್ವಾಧೀನದಲ್ಲಿ ಯಾವತ್ತೂ ಇರಲಿಲ್ಲ.

ಷಡ್ಡಕ ಬಿಡಲಿಲ್ಲ. "ಹಾಗಾದ್ರೆ ಭಾನುವಾರ ಊಟಕ್ಕೆ ನಾವಿಬ್ರೂ ಬರ್ತೀವಿ. ಎಳೆಎಳೆಯಾಗಿ ಬಿಡಿಸಿ ಹೇಳಿ. ಕೇಳೋಣ."

ಮೂರು ದಿನ ಚೀಟಪ್ಪ ತಲೆ ಕೆಡಿಸಿಕೊಂಡ. ಕೌಂಟರಿನಲ್ಲಿ ಯಾರೋ ಕೊಡೆ ಕೇಳಿದರೆ "ಸತ್ತದ್ದು ಮೊದಲೋ ಆಮೇಲೋ?" ಎಂದು ಕೇಳಿದ. ಕೊನೆಗೆ ಗುರುವಾರ, ಒಂದು ದಿನ ರಜೆ ಹಾಕಿ, ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದ. ಆಫೀಸಿನ ಹಳೆಯ ಚೀಟಿಗಳನ್ನು ತೆಗೆದ. ಸಿನಿಮಾದವರ ಹೆಸರು ನೆನಪಾಗಲಿಲ್ಲ. ಮೊದಲಿಂದಲೂ ಅವನಿಗೆ ವಸ್ತು ನೆನಪಿರುತ್ತಿತ್ತೇ ಹೊರತು ಹೆಸರಲ್ಲ. ಅದಕ್ಕೆ, ಯಾರು ಯಾರ ಹಾಗಿದ್ದರೋ ಅವರ ಹೆಸರನ್ನೇ ಹಾಕಿದ. ಮೆಟ್ಟಿಲಿಂದ ಬಿದ್ದ ಮುದುಕ ಎದುರುಮನೆಯ ಮೇಷ್ಟ್ರ ಹಾಗೇ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡಿದ್ದ. ಎರಡನೆಯವಳಿಗೆ ಮೊದಲ ಮಹಡಿಯ ಪಿಟೀಲು ಟೀಚರ್ ಥರ ಉದ್ದ ಜಡೆ. ಎಲ್ಲರೂ ಅನುಮಾನಪಟ್ಟವನು ಆ ಟೀಚರ ಎದುರುಮನೆಯ ಹಲ್ಲಿನ ಡಾಕ್ಟರ ತದ್ರೂಪ. ಅಂತೂ ಚೀಟಿಗಳು ಹೀಗಾದವು:

'ಮೇಷ್ಟ್ರು. ಮೊದಲ ಕೊಲೆ. ಜಾಗ: ಮೆಟ್ಟಿಲು. ದಿನ: ಶನಿವಾರ. ವಸ್ತು: ಎಡಗಾಲಿನ ಚಪ್ಪಲಿ.'

'ಪಿಟೀಲು ಟೀಚರ್. ಎರಡನೇ ಕೊಲೆ. ಜಾಗ: ಕನ್ನಡಿ ಮುಂದೆ. ವಸ್ತು: ಬಾಚಣಿಗೆ.'

'ಹಲ್ಲಿನ ಡಾಕ್ಟ್ರು. ಇವರ ಮೇಲೆ ಅನುಮಾನ ಬರುತ್ತೆ. ಆದರೆ ಏನೂ ಮಾಡಿಲ್ಲ.'

'ಓನರಮ್ಮ. ಕೊಲೆಗಾರ್ತಿ. ಕೊನೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ.'

ಐದನೆಯದು, ಮುಟ್ಟಿ ಹೇಳುವ ಹೆಂಗಸಿನದು. ಅದನ್ನು ಬರೆದ ಮೇಲೆ ಯಾಕೋ ನಾಚಿಕೆಯಾಗಿ ಅಂಗಿಯ ಜೇಬಿಗೆ ಹಾಕಿಕೊಂಡ. ಉಳಿದ ನಾಲ್ಕನ್ನು ಟೆರೇಸಿಗೆ ತೆಗೆದುಕೊಂಡು ಹೋಗಿ ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದ. ಕತೆ ಹಿಂದಕ್ಕೆ ಹೋದಾಗ ಚೀಟಿಯನ್ನು ಎಡಕ್ಕೆ ಸರಿಸಬೇಕು, ಮುಂದಕ್ಕೆ ಬಂದಾಗ ಬಲಕ್ಕೆ. ಎರಡು ಸಲ ಸರಿಸುವಷ್ಟರಲ್ಲಿ ಕೆಳಗಿಂದ ಹೆಂಡತಿ, "ರೀ, ನಲ್ಲಿ ಕಿತ್ತು ಕೈಗೆ ಬಂತು, ಬೇಗ ಬನ್ನಿ" ಎಂದು ಕೂಗಿದಳು. ಚೀಟಪ್ಪ ಓಡಿದ. ನಲ್ಲಿ ಕಟ್ಟಿ, ಮನೆ ಒರೆಸಿ, ಬೈಗುಳ ತಿಂದು ವಾಪಸು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಚೀಟಿಗಳು ಇದ್ದಲ್ಲೇ ಇದ್ದವು. ಪಕ್ಕದಲ್ಲಿ ಮೇಷ್ಟ್ರ ಪಂಚೆಯ ಒಂದು ತುದಿ ಮಾತ್ರ ತಂತಿಗೆ ಸಿಕ್ಕಿ, ಉಳಿದದ್ದು ನೆಲದ ಮೇಲೆ ಬಿದ್ದಿತ್ತು. ಪಾಪ, ವಯಸ್ಸಾಯಿತು ಎಂದುಕೊಂಡು ಅದನ್ನು ಸರಿಯಾಗಿ ಒಣಹಾಕಿ, ಚೀಟಿಗಳನ್ನು ಬಿಚ್ಚಿಕೊಂಡು ಇಳಿದ.

ಈಗ ಒಂದು ಹಳೆಯ ಸಂಗತಿ ಹೇಳಬೇಕು. ಹೋದ ವರ್ಷ ಪಿಟೀಲು ಟೀಚರ್ ಕೊಡೆ ಕಳೆದುಕೊಂಡಿದ್ದರು. ಅವರು ಬಾಯಿ ಬಿಡುವ ಮುಂಚೆಯೇ ಚೀಟಪ್ಪ ಮೆಟ್ಟಿಲಲ್ಲಿ ನಿಂತು, "ನಿಮ್ಮ ಕೊಡೆ ಹನ್ನೆರಡನೇ ನಂಬರಿನ ಬಸ್ಸಿನ ಹಿಂದಿನ ಸೀಟಲ್ಲಿ ಬಿಟ್ಟಿದ್ದೀರಿ, ನಿದ್ದೆ ಮಾಡ್ತಿದ್ರಿ" ಎಂದಿದ್ದ. ಕೊಡೆಯ ಹಿಡಿಗೆ ಅವರ ಹೆಸರಿತ್ತು, ಕಂಡಕ್ಟರು ಉಳಿದದ್ದು ಹೇಳಿದ್ದ. ಆದರೆ ಟೀಚರ್ ಅಂದಿನಿಂದ ಇವನಿಗೆ ಕಾಣದ್ದನ್ನು ಕಾಣುವ ಏನೋ ಶಕ್ತಿ ಇದೆ ಎಂದು ತೀರ್ಮಾನಿಸಿದ್ದರು. ಹದಿನೇಳು ವರ್ಷ ಕಳೆದುಹೋದ ಸಾಮಾನನ್ನೇ ಮುಟ್ಟಿ ಮುಟ್ಟಿ ಯಾರಿಗಾದರೂ ಬಂದೇ ಬರುತ್ತದೆ ಎಂಬುದು ಅವರ ವಾದ.

ಆ ಮುಕ್ಕಾಲು ಗಂಟೆಯಲ್ಲಿ ಪಂಚೆ ಒಣಹಾಕಲು ಬಂದ ಮೇಷ್ಟ್ರು ಮೊದಲು ತಮ್ಮ ಚೀಟಿ ಓದಿದರು. ಇಳಿದು ಹೋಗಿ ಟೀಚರಿಗೆ ಹೇಳಿದರು. ಟೀಚರ್ ಡಾಕ್ಟರನ್ನು ಕರೆದುಕೊಂಡು ಹತ್ತಿದರು. ಮುಂದಾಗುವುದೆಲ್ಲ ಚೀಟಪ್ಪನಿಗೆ ಮುಂಚೆಯೇ ಕಂಡಿದೆ ಎಂಬುದರಲ್ಲಿ ಅವರಿಗೆ ಸಂಶಯ ಉಳಿಯಲಿಲ್ಲ.

"ನೇರವಾಗಿ ಅವರನ್ನೇ ಕೇಳಿಬಿಡೋಣ," ಎಂದರು ಡಾಕ್ಟರು.

"ಬೇಡಿ. ಕೇಳಿದ್ರೆ ಖಾತ್ರಿ ಆಗಿಬಿಡುತ್ತೆ. ಕೇಳದೆ ಇದ್ರೆ ತಪ್ಪಿಹೋದ್ರೂ ಹೋಗಬಹುದು," ಎಂದರು ಮೇಷ್ಟ್ರು. ನಲವತ್ತು ವರ್ಷ ಪರೀಕ್ಷೆಯ ಫಲಿತಾಂಶ ಓದಿ ಹೇಳಿದವರ ಅನುಭವದ ಮಾತು ಅದು.

"ನನ್ನ ಬಗ್ಗೆ ಏನೂ ಮಾಡಿಲ್ಲ ಅಂತ ಬರೆದಿದ್ದಾರಲ್ಲ. ಇದೇ ಮಾತು ನಮ್ಮಪ್ಪ ಸಾಯೋ ಮುಂಚೆ ಹೇಳಿದ್ರು," ಎಂದು ಡಾಕ್ಟರು ಬಹಳ ಹೊತ್ತು ಅಲ್ಲೇ ನಿಂತರು.

ಶುಕ್ರವಾರದಿಂದ ಆ ಕಟ್ಟಡದ ರೀತಿಯೇ ಬದಲಾಯಿತು. ಪಿಟೀಲು ಟೀಚರ್ ತಲೆ ಬಾಚುವುದನ್ನು ಬಿಟ್ಟರು. ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದರು. ಪಾಠಕ್ಕೆ ಬಂದ ಮಕ್ಕಳು ಅವರ ಕೂದಲು ನೋಡಿ ಅಂದು ಒಂದು ಸ್ವರವನ್ನೂ ತಪ್ಪಿ ನುಡಿಸಲಿಲ್ಲ. ಮೇಷ್ಟ್ರು ಎಡಗಾಲಿಗೆ ಚಪ್ಪಲಿ ಹಾಕುವುದನ್ನು ನಿಲ್ಲಿಸಿದರು. ಶನಿವಾರ ಹಾಲು ತರಲೇಬೇಕಾಗಿ ಬಂದಾಗ ಎರಡನೇ ಮಹಡಿಯಿಂದ ನೆಲದವರೆಗೆ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದರು. ಎದುರಾದ ಚೀಟಪ್ಪ ದಾರಿ ಬಿಟ್ಟು, "ಇದೂ ಒಂದು ವ್ಯಾಯಾಮಾನಾ ಮೇಷ್ಟ್ರೆ?" ಎಂದು ಕೇಳಿದ. ಮೇಷ್ಟ್ರು ಅವನ ಪಾದ ಮುಟ್ಟುವ ಹಾಗೆ ಮಾಡಿ ಮುಂದಿನ ಮೆಟ್ಟಿಲಿಗೆ ಜಾರಿದರು. ಚೀಟಪ್ಪನಿಗೆ ತನ್ನ ಮೇಲೆ ಜನಕ್ಕೆ ಗೌರವ ಹೆಚ್ಚಿದೆಯೆಂದು ಅನ್ನಿಸಿತು. ಬಾಯಿ ಮುಚ್ಚಿಕೊಂಡಿದ್ದರ ಫಲ ಇದು ಎಂದು ಹೆಂಡತಿಗೆ ಹೇಳಿದ.

ಆದರೆ ನಿಜವಾದ ಗೌರವ ಹರಿದದ್ದು ಓನರಮ್ಮನ ಕಡೆಗೆ. ಮೆಟ್ಟಿಲ ತುಂಬ ಬಿದ್ದಿರುತ್ತಿದ್ದ ಚಪ್ಪಲಿಗಳು ಒಂದೇ ದಿನದಲ್ಲಿ ಮಾಯವಾದವು. ಆರು ವರ್ಷದಿಂದ ದಾರಿಗೆ ಅಡ್ಡ ಇದ್ದ ಮೇಷ್ಟ್ರ ಹೂಕುಂಡಗಳು ತಾವಾಗಿಯೇ ಒಳಗೆ ಹೋದವು. ರಾತ್ರಿ ಎಂಟಕ್ಕೆಲ್ಲ ಪಿಟೀಲು ನಿಂತಿತು. ಡಾಕ್ಟರು ನೀರಿನ ತೊಟ್ಟಿ ತೊಳೆಸಿ, "ಅಮ್ಮ, ಹಲ್ಲು ಏನಾದ್ರೂ ನೋಯ್ತಿದ್ರೆ ನಾನೇ ಮನೆಗೆ ಬಂದು ನೋಡ್ತೀನಿ" ಎಂದು ಬಾಗಿಲಾಚೆಯಿಂದಲೇ ಹೇಳಿ ಓಡಿದರು. ಓನರಮ್ಮನಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡರೂ ಆಗದ ಕೆಲಸ ಅದು. ಆ ಸಂತೋಷಕ್ಕೆ ಒಂದು ಡಬ್ಬ ಬಿಸ್ಕತ್ತು ಮಾಡಿ ಮನೆಮನೆಗೂ ಕಳಿಸಿದರು. ಚೀಟಪ್ಪನ ಮನೆಯೊಂದರಲ್ಲಿ ಮಾತ್ರ ಅದನ್ನು ತಿಂದರು. ಅವನು ತಿಂದೂ ಬದುಕಿದ್ದನ್ನು ಕಂಡು ಟೀಚರಿಗೆ ಅವನಲ್ಲಿ ಶಕ್ತಿ ಇರುವುದು ಇನ್ನಷ್ಟು ಖಚಿತವಾಯಿತು. ಶನಿವಾರ ಕಳೆದು ಮೇಷ್ಟ್ರು ಉಳಿದುಕೊಂಡರು ನಿಜ, ಹಾಗಾದರೆ ಸರದಿ ತಮ್ಮದೇ ಎಂದು ಲೆಕ್ಕ ಹಾಕಿದ ಟೀಚರ್ ಭಾನುವಾರ ಬೆಳಿಗ್ಗೆ ಕೆದರಿದ ತಲೆಯಲ್ಲೇ ಪೊಲೀಸ್ ಠಾಣೆಗೆ ಹೋದರು.

ಭಾನುವಾರ ಹನ್ನೆರಡಕ್ಕೆ ಷಡ್ಡಕ ಹೆಂಡತಿಯ ಜೊತೆ ಬಂದ. ಓನರಮ್ಮ ಬರುವುದು ಸಂಜೆ ನಾಲ್ಕಕ್ಕೆ ಎಂದು ಹೇಳಿಕಳಿಸಿದ್ದರಿಂದ ಚೀಟಪ್ಪ ಧೈರ್ಯವಾಗಿ ನಡುಮನೆಯಲ್ಲಿ ಕಿಟಕಿಯಿಂದ ಬೀರುವಿನ ಹಿಡಿಗೆ ಹಗ್ಗ ಕಟ್ಟಿ ನಾಲ್ಕು ಚೀಟಿಗಳನ್ನೂ ನೇತುಹಾಕಿದ್ದ. ಷಡ್ಡಕ ಕಾಲ ಮೇಲೆ ಕಾಲು ಹಾಕಿ ಕೂತ.

"ಮೊದಲು ಮೇಷ್ಟ್ರು ಸಾಯ್ತಾರೆ," ಎಂದು ಶುರುಮಾಡಿದ ಚೀಟಪ್ಪ. "ಆಮೇಲೆ ಮೇಷ್ಟ್ರು ಕಾಫಿ ಕುಡೀತಾರೆ."

"ಸತ್ತೋರು ಹೇಗೆ ಕುಡೀತಾರೆ ಅಣ್ಣ?"

"ನೀನೇ ಹೇಳು ನೋಡೋಣ."

"ಅದು ಸಂಕೇತ," ಎಂದ ಷಡ್ಡಕ.

"ಯಾವುದರ ಸಂಕೇತ?"

"ಕಾಫಿ."

ಇಬ್ಬರೂ ತಲೆಯಾಡಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು. ಕೈಯಲ್ಲಿ ಕರಾರು ಪತ್ರ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಮುಖದ ತುಂಬ ನಗು ಇಟ್ಟುಕೊಂಡು ಓನರಮ್ಮ ನಿಂತಿದ್ದರು. "ಮೆಟ್ಟಿಲು ಖಾಲಿ ಇತ್ತಲ್ಲ, ಹತ್ತೋಕೆ ಹುಮ್ಮಸ್ಸು ಬಂತು. ಈಗ್ಲೇ ಬಂದ್ಬಿಟ್ಟೆ," ಎಂದರು. ಚೀಟಪ್ಪ ಹಗ್ಗಕ್ಕೆ ಅಡ್ಡ ನಿಂತ. ನಾಲ್ಕು ಚೀಟಿಗೆ ಒಬ್ಬ ಮನುಷ್ಯ ಎಷ್ಟು ಅಡ್ಡ ನಿಲ್ಲಬಲ್ಲ? ಓನರಮ್ಮ ಕನ್ನಡಕ ಏರಿಸಿ ಕೊನೆಯದನ್ನು ಗಟ್ಟಿಯಾಗಿ ಓದಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತು. ಬಿಸಿಲಿನ ಆ ಕಿಟಕಿ ಕೈತಪ್ಪಿ ಹೋದಂತೆಯೇ ಅವಳಿಗೆ ಅನ್ನಿಸಿತು.

ಅದೇ ಹೊತ್ತಿಗೆ ಪಿಟೀಲು ಟೀಚರ್ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದರು. ಹಿಂದೆ ಡಾಕ್ಟರು, ಅವರ ಹಿಂದೆ ಒಂಟಿ ಚಪ್ಪಲಿಯಲ್ಲಿ ಮೇಷ್ಟ್ರು.

"ನೋಡಿ ಸಾರ್, ಎಲ್ಲಾ ಇಲ್ಲೇ ಬರೆದಿದೆ. ಕೊಲೆಗಾರ್ತಿ ಇಲ್ಲೇ ನಿಂತಿದ್ದಾರೆ," ಎಂದರು ಟೀಚರ್.

ಇನ್‌ಸ್ಪೆಕ್ಟರು ಹಗ್ಗದ ಉದ್ದಕ್ಕೂ ನಡೆದು ಒಂದೊಂದೇ ಚೀಟಿ ಓದಿದರು. ಮೆಟ್ಟಿಲು. ಎಡಗಾಲಿನ ಚಪ್ಪಲಿ. ಬಾಚಣಿಗೆ. ಅವರ ಹುಬ್ಬು ಮೇಲೇರಿತು.

"ಕೈಗವಸು ಎಲ್ರಿ?" ಎಂದು ಕೇಳಿದರು.

"ಅದಕ್ಕೆ ಚೀಟಿ ಬರೆದಿಲ್ಲ ಸಾರ್," ಎಂದ ಚೀಟಪ್ಪ.

"ಒಟ್ಟು ಎಷ್ಟು ಬರುತ್ತೆ?"

"ಒಂಬತ್ತು ಸಾರ್."

ಇನ್‌ಸ್ಪೆಕ್ಟರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಷಡ್ಡಕನ ಪಕ್ಕದಲ್ಲೇ ಕೂತರು. "ನಾನು ಎರಡು ಸಲ ನೋಡಿದೆ ಕಣ್ರಿ. ಮನೆಯವಳು, ನೀವು ಪೊಲೀಸು, ನಿಮಗೇ ಗೊತ್ತಾಗ್ಲಿಲ್ವಾ ಅಂತಾಳೆ. ಆ ಮುದುಕ ಕೊನೇಲಿ ಬಾಗಿಲು ತೆಗೀತಾನಲ್ಲ, ಅದು ಹೇಗೆ? ಅದೊಂದು ಹೇಳಿಬಿಡಿ."

"ಸಂಕೇತ," ಎಂದ ಷಡ್ಡಕ.

"ಠಾಣೆಗೆ ಬಂದು ಹೀಗೆ ಹೇಳಿದ್ರೆ ಒಳಗೆ ಕೂರಿಸ್ತೀನಿ," ಎಂದರು ಇನ್‌ಸ್ಪೆಕ್ಟರು. ಷಡ್ಡಕ ಕಾಲ ಮೇಲಿನ ಕಾಲು ಇಳಿಸಿದ.

ಇದೆಲ್ಲ ಸಿನಿಮಾದ ವಿಷಯ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಅವರು ಗೋಡೆ ಹಿಡಿದು ಮೆಲ್ಲಗೆ ಕೂತರು. ಟೀಚರ್ ಕೂದಲನ್ನು ಗಂಟು ಹಾಕಿಕೊಂಡರು. ಈಗ ಎಲ್ಲರೂ ಚೀಟಪ್ಪನ ಕಡೆ ತಿರುಗಿದರು. ಅವನು ಹಗ್ಗದ ಹತ್ತಿರ ಹೋದ. ಚೀಟಿಯನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಕೊನೆಗೆ, "ನಿಜ ಹೇಳ್ತೀನಿ, ನನಗೂ ಅರ್ಥ ಆಗಿಲ್ಲ," ಎಂದು ಕೈಚೆಲ್ಲಿದ.

"ಅದರಲ್ಲೇನಿದೆ ಅರ್ಥ ಆಗದೆ ಇರೋಕೆ," ಎಂದಳು ಅಡುಗೆಮನೆ ಬಾಗಿಲಲ್ಲಿದ್ದ ಹೆಂಡತಿ. ಮನೆ ಹೇಗೂ ಹೋಯಿತು, ಇನ್ನು ಬಾಯಿ ಕಟ್ಟಿಕೊಂಡು ಏನು ಪ್ರಯೋಜನ ಎಂಬ ದನಿ ಅದು. "ನಾನು ವಾರಕ್ಕೊಂದು ಸಲ ಇವರ ಅಂಗಿ ಒಗೀತೀನಿ. ಬುಟ್ಟಿಗೆ ಕೈಹಾಕಿದ್ರೆ ಮೊದಲು ಬುಧವಾರದ ಅಂಗಿ ಸಿಗುತ್ತೆ. ಮುಟ್ಟಿದ ಕೂಡ್ಲೇ ಗೊತ್ತಾಗುತ್ತೆ, ಎಣ್ಣೆ ತಿಂಡಿ ತಿಂದಿದ್ದಾರೆ. ಆಮೇಲೆ ಸೋಮವಾರದ್ದು ಸಿಗುತ್ತೆ. ಜೇಬಲ್ಲಿ ಮಾತ್ರೆ ಕಾಗದ, ತಲೆನೋವು ಬಂದಿತ್ತು. ಬುಧವಾರದ್ದು ಮೊದಲು ಕೈಗೆ ಬಂತು ಅಂತ ಸೋಮವಾರ ಆಮೇಲೆ ಬರುತ್ತಾ? ಆ ಹೆಂಗಸೂ ಅಷ್ಟೇ. ಯಾವ ಸಾಮಾನು ಮೊದಲು ಮುಟ್ಟಿದಳೋ ಅದು ಮೊದಲು ತೋರಿಸ್ತಾರೆ. ನಡೆದದ್ದರ ಸಾಲಲ್ಲಿ ಅಲ್ಲ, ಮುಟ್ಟಿದ್ದರ ಸಾಲಲ್ಲಿ. ಮುದುಕನ ಮನೆ ಬೀಗದ ಕೈ ಅವಳಿಗೆ ಕೊನೇಲಿ ಸಿಕ್ಕಿತು. ಅದಕ್ಕೆ ಬಾಗಿಲು ತೆಗೆದದ್ದು ಕೊನೇಲಿ ಬಂತು. ಅವನು ತೆಗೆದದ್ದು ಸಾಯೋ ಮುಂಚೆ. ಒಳಗೆ ಬನ್ನಿ ಅಂದದ್ದು ಕೊಲೆಗಾರ್ತಿಗೆ."

ಇನ್‌ಸ್ಪೆಕ್ಟರು ಬೆರಳು ಮಡಿಸಿ ಏನೋ ಎಣಿಸಿದರು, ಇನ್ನೊಂದು ಸಲ ಎಣಿಸಿದರು, ಆಮೇಲೆ ಟೋಪಿ ಹಾಕಿಕೊಂಡು ಎದ್ದು ನಿಂತು ಅವಳಿಗೊಂದು ಸಲ್ಯೂಟ್ ಹೊಡೆದರು.

"ನನಗೂ ಹಾಗೇ ಅನ್ನಿಸಿತ್ತು," ಎಂದ ಷಡ್ಡಕ. ಅವನ ಹೆಂಡತಿ ಅವನನ್ನು ನೋಡಿದ ರೀತಿಗೆ ಅವನು ಎದ್ದು ನೀರು ಕುಡಿಯಲು ಹೋದ.

"ಅದೆಲ್ಲ ಸರಿ," ಎಂದರು ಓನರಮ್ಮ. ಕರಾರು ಪತ್ರ ಇನ್ನೂ ಅವರ ಕೈಯಲ್ಲೇ ಸುರುಳಿಯಾಗಿತ್ತು. "ನನ್ನನ್ನ ಯಾಕೆ ಕೊಲೆಗಾರ್ತಿ ಮಾಡಿದ್ರಿ ಚೀಟಪ್ಪನೋರೆ?"

ಚೀಟಪ್ಪ ಸುಳ್ಳು ಹುಡುಕಿದ. ಸಿಗಲಿಲ್ಲ. "ಆ ಪಿಚ್ಚರಲ್ಲೂ ಅವರು ಓನರಮ್ಮನೇ. ಎಲ್ಲರ ಮನೆ ಕೀಲಿಕೈನೂ ಅವರ ಹತ್ರ. ಯಾರು ಬಂದ್ರು, ಯಾರು ಹೋದ್ರು, ಎಲ್ಲಾ ಅವರಿಗೆ ಗೊತ್ತು. ಅವರಿಲ್ದೆ ಇದ್ರೆ ಕತೆನೇ ಇಲ್ಲ ಅಮ್ಮ."

"ಎಷ್ಟು ಹೊತ್ತು ಬರ್ತಾಳೆ?"

"ಮೊದಲಿಂದ ಕೊನೇವರೆಗೂ."

"ಕೊನೇಲಿ ಸಾಯ್ತಾಳಾ?"

"ಇಲ್ಲ. ಎರಡನೇ ಭಾಗಕ್ಕೆ ಉಳಿಸಿಕೊಂಡಿದ್ದಾರೆ."

ಓನರಮ್ಮ ಮೇಷ್ಟ್ರನ್ನು ನೋಡಿದರು, ಬಾಚದ ತಲೆಯ ಟೀಚರನ್ನು ನೋಡಿದರು, ಡಾಕ್ಟರನ್ನು ನೋಡಿದರು. ಖಾಲಿ ಮೆಟ್ಟಿಲು, ತೊಳೆದ ತೊಟ್ಟಿ, ಎಂಟಕ್ಕೆ ನಿಂತ ಪಿಟೀಲು ಎಲ್ಲದರ ಗುಟ್ಟು ಒಂದೊಂದಾಗಿ ಅವರಿಗೆ ತಿಳಿಯುತ್ತಾ ಹೋಯಿತು. ಬೇಸರಪಡಬೇಕಾದ ಜಾಗದಲ್ಲಿ ಅವರ ಮುಖ ಅರಳುತ್ತಾ ಬಂತು.

"ಇಪ್ಪತ್ತೆರಡು ವರ್ಷದಿಂದ ಒಳ್ಳೇ ಮಾತಲ್ಲಿ ಹೇಳ್ತಿದ್ದೆ," ಎಂದರು. "ಪೆನ್ನು ಕೊಡಿ."

ಮೂರು ವರ್ಷಕ್ಕೆ ಎಂದಿದ್ದನ್ನು ಹೊಡೆದುಹಾಕಿ ಐದು ಎಂದು ಬರೆದು ಸಹಿ ಮಾಡಿದರು. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೋಗುವಾಗ ಓನರಮ್ಮ ಹಗ್ಗದಿಂದ ತಮ್ಮ ಚೀಟಿಯನ್ನು ಬಿಚ್ಚಿ ಬೀಗದ ಕೈಗಳ ಗೊಂಚಲಿಗೆ ಕಟ್ಟಿಕೊಂಡರು. ಅಂದಿನಿಂದ ಅವರು ಓಡಾಡುವಾಗ ಸೊಂಟದಲ್ಲಿ 'ಕೊಲೆಗಾರ್ತಿ' ತೂಗಾಡುತ್ತದೆ, ಮೆಟ್ಟಿಲ ಮೇಲೆ ಒಂದು ಚಪ್ಪಲಿಯೂ ಕಾಣಿಸುವುದಿಲ್ಲ. ಡಾಕ್ಟರು ಮಾತ್ರ ಹೊರಡದೆ ನಿಂತು, ತಮ್ಮ ಚೀಟಿಯಲ್ಲಿ 'ಏನೂ ಮಾಡಿಲ್ಲ' ಎಂಬುದನ್ನು ತಿದ್ದಿ 'ತೊಟ್ಟಿ ತೊಳೆಸಿದರು' ಎಂದು ಬರೆಸಿಕೊಂಡೇ ಹೋದರು.

ಸೋಮವಾರ ಬೆಳಿಗ್ಗೆ ಹೆಂಡತಿ ಒಗೆಯುವ ಬುಟ್ಟಿಗೆ ಕೈಹಾಕಿದಳು. ಗುರುವಾರದ ಅಂಗಿ ಸಿಕ್ಕಿತು, ಜೇಬಿನಲ್ಲಿ ಐದನೇ ಚೀಟಿ. 'ಮುಟ್ಟಿ ಹೇಳುವವಳು: ನನ್ನ ಹೆಂಡತಿ. ಸಿಕ್ಕ ಜಾಗ: ಎಲ್ಲ ಕಡೆ. ದಿನ: ದಿನಾ. ವಾರಸುದಾರರು: ನಾನು.' ಅವಳು ಒಲೆಯ ಪಕ್ಕದ ಬಿಸಿಲಿನಲ್ಲಿ ನಿಂತು ಅದನ್ನು ಎರಡು ಸಲ ಓದಿದಳು. ಆಮೇಲೆ ಪೆನ್ನು ಹುಡುಕಿ ಹಿಂಬದಿಯಲ್ಲಿ ಏನೋ ಬರೆದಳು. ಚೀಟಪ್ಪ ಕೆಲಸಕ್ಕೆ ಹೊರಟಾಗ ಕಾಲರು ಸರಿಮಾಡುವ ನೆಪದಲ್ಲಿ ಅದನ್ನು ಅವನ ಬೆನ್ನ ಕಡೆ ಕಟ್ಟಿಬಿಟ್ಟಳು.

ಅಂದು ಬಸ್ ನಿಲ್ದಾಣದಲ್ಲಿ ಜನ ಅವನನ್ನು ನೋಡಿ ನಗುತ್ತಾ ದಾರಿ ಬಿಟ್ಟರು. ತಾನು ಸಿನಿಮಾ ಬಿಡಿಸಿದ ಸುದ್ದಿ ಇಲ್ಲಿಗೂ ಮುಟ್ಟಿದೆಯೆಂದು ಚೀಟಪ್ಪ ಎದೆಯುಬ್ಬಿಸಿ ನಡೆದ. ಕೌಂಟರಿನ ಮುಂದೆ ಕೊಡೆ ಕೇಳಲು ಬಂದಿದ್ದ ಅಜ್ಜಿಯೊಬ್ಬರು ಕನ್ನಡಕ ಹಾಕಿಕೊಂಡು ಅವನ ಬೆನ್ನ ಮೇಲಿನದನ್ನು ಅಕ್ಷರ ಬಿಡದೆ ಓದಿದರು:

"ವಸ್ತು: ಗಂಡ. ಸಿಕ್ಕ ಜಾಗ: ಟೆರೇಸು. ದಿನ: ಗುರುವಾರ. ವಾರಸುದಾರರು ಇದ್ದಾರೆ, ಸಂಜೆ ಆರಕ್ಕೆ ಮನೆಗೆ ಕಳಿಸಿ."